ಗೇರುಸಿಪ್ಪೆಯ ಎಣ್ಣೆಗೆ ಕ್ರಿಯಾವರ್ಧಕ ಏಕೆ ಬೇಕು?

ಗೇರುಸಿಪ್ಪೆಯ ಎಣ್ಣೆಯಿಂದ ಪೆಟ್ರೋಲಿಯಂ ರಾಸಾಯನಿಕಗಳಿಗೆ ಬದಲಿ ತಯಾರಿಸುವಾಗ ಕ್ರಿಯಾವರ್ಧಕದ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆ ನಡೆಯಲು ನೆರವಾಗುವ ವಸ್ತುವಿನ) ಕೆಲಸ ಕ್ರಿಯೆಯನ್ನು ಬೇಗ ಮುಗಿಸುವುದಷ್ಟೆಯೇ ಎಂದು ಕೇಳಿದ್ದೀರಿ.

ವೇಗಕ್ಕಿಂತ ದೊಡ್ಡ ಕೆಲಸ ಆಯ್ಕೆಯದು: ಅಣುವಿನ ಯಾವ ಭಾಗ ಬದಲಾಗಬೇಕು ಎಂಬುದರದು. ನಾನು ಕಾಸರಗೋಡಿನಲ್ಲಿ ಪದವಿ ತರಗತಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಇಲ್ಲಿ ಹಸಿ ಗೇರುಬೀಜ ಸುಲಿದವರಿಗೆಲ್ಲ ಕೈ ಸುಡುವ ಆ ಎಣ್ಣೆ ಗೊತ್ತು. ಅದರಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ಅಂದರೆ ಫೀನಾಲ್ ಉಂಗುರ (OH ಗುಂಪು ಅಂಟಿಕೊಂಡ ಆರು ಇಂಗಾಲಗಳ ಬಳೆ), ಅದಕ್ಕೆ 15 ಇಂಗಾಲಗಳ ಸರಪಳಿ, ಸರಪಳಿಯಲ್ಲಿ ಮೂರರವರೆಗೆ ದ್ವಿಬಂಧಗಳು.

ಉಂಗುರವನ್ನು ಮುಟ್ಟದೆ ಸರಪಳಿಗೆ ಮಾತ್ರ ಹೈಡ್ರೋಜನ್ ಸೇರಿಸಬೇಕೇ? ಇದ್ದಿಲಿನ ಪುಡಿಯ ಮೇಲೆ ಕೂರಿಸಿದ ಪಲ್ಲೇಡಿಯಂ ಸಾಕು. ಸರಪಳಿಯನ್ನೇ ಕತ್ತರಿಸಬೇಕೇ? ಎಥಿಲೀನ್ ಜೊತೆಗೆ ರುಥೇನಿಯಂ ಸಂಯುಕ್ತ ಬೇಕು. ಆಗ ಒಂದೇ ದ್ವಿಬಂಧವಿರುವ ಕಾರ್ಡನಾಲ್‌ನಿಂದ, ಪಾಲಿಥಿನ್ ತಯಾರಿಕೆಗೆ ಬೇಕಾಗುವ 1-ಆಕ್ಟೀನ್ ಹೊರಬರುತ್ತದೆ. ಈ ಬಗೆಯ ಕ್ರಿಯೆಗೇ 2005ರಲ್ಲಿ ಶೊವಾಂ, ಗ್ರಬ್ಸ್ ಮತ್ತು ಶ್ರಾಕ್ ಅವರಿಗೆ ನೊಬೆಲ್ ಬಂದದ್ದು. ಎಣ್ಣೆ ಒಂದೇ, ಲೋಹ ಬದಲಾದರೆ ಸಿಗುವ ವಸ್ತುವೇ ಬೇರೆ. ನನಗೆ ಇಂದಿಗೂ ಇದು ಬೆರಗು ಹುಟ್ಟಿಸುತ್ತದೆ.

ಆಯ್ಕೆ ಸರಿಯಿದ್ದರೆ ಕಸವೂ ಇಳಿಯುತ್ತದೆ. ನೋವಿನ ಮಾತ್ರೆ ಐಬುಪ್ರೊಫೇನ್‌ನ ಹಳೆಯ ವಿಧಾನದಲ್ಲಿ ಆರು ಹಂತಗಳಿದ್ದವು. ಬಳಸಿದ ಪರಮಾಣುಗಳಲ್ಲಿ ತೂಕದ ಲೆಕ್ಕಕ್ಕೆ ಶೇ. 40ರಷ್ಟು ಮಾತ್ರ ಔಷಧಿಗೆ ಸೇರುತ್ತಿದ್ದವು. ಅಲ್ಯೂಮಿನಿಯಂ ಕ್ಲೋರೈಡ್ ಒಮ್ಮೆ ಬಳಸಿ ಚೆಲ್ಲುವ ವಸ್ತುವಾಗಿತ್ತು. 1992ರಲ್ಲಿ ಟೆಕ್ಸಾಸ್‌ನಲ್ಲಿ ಆರಂಭವಾದ ಹೊಸ ವಿಧಾನದಲ್ಲಿ ಮೂರೇ ಹಂತ, ಶೇ. 77. ಅಲ್ಲಿ ಕ್ರಿಯಾವರ್ಧಕವಾಗಿ ಮರುಬಳಕೆಯಾಗುವ ಹೈಡ್ರೋಜನ್ ಫ್ಲೋರೈಡ್ ಬಲು ಅಪಾಯಕಾರಿ ಎಂಬುದನ್ನೂ ಮರೆಯಬಾರದು.

ಗೇರೆಣ್ಣೆಯ ವಿಷಯದಲ್ಲಿ ತೊಡಕು ರುಥೇನಿಯಂನದು. ದುಬಾರಿ ಲೋಹ; ದ್ರವದಲ್ಲಿ ಕರಗಿ ಉತ್ಪನ್ನದೊಳಗೆ ಉಳಿಯುತ್ತದೆ. ಸಿಲಿಕಾದಂಥ ಘನವಸ್ತುವಿಗೆ ಅದನ್ನು ಕಟ್ಟಿಹಾಕಿದರೆ ಸೋಸಿ ಮತ್ತೆ ಬಳಸಬಹುದು. ಆದರೆ ಕಟ್ಟಿದ ಲೋಹವೂ ಮೆಲ್ಲನೆ ಕಳಚಿಕೊಳ್ಳುತ್ತದೆ. ಪತ್ತೆಹಚ್ಚುವ ದಾರಿ ಸರಳ: ಕ್ರಿಯೆ ಅರ್ಧ ನಡೆದಿರುವಾಗ ಬಿಸಿಯಲ್ಲೇ ಘನವಸ್ತುವನ್ನು ಸೋಸಿ ತೆಗೆಯಬೇಕು. ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಲೋಹ ಕಳಚಿದೆ ಎಂದೇ ಅರ್ಥ.

ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸಿಂಪಡಿಸಿದ ಜಿಲ್ಲೆ ನಮ್ಮದು. ಹಾಗಾಗಿ ಯಾವುದನ್ನಾದರೂ ಹಸಿರು ಎಂದು ಕರೆದರೆ ನಾನು ಲೆಕ್ಕ ಕೇಳುತ್ತೇನೆ. ನೀವೂ ಇಂಥ ಸಂಶೋಧನಾ ಲೇಖನ ಓದುವಾಗ ಮೊದಲು ಎರಡು ಸಂಗತಿ ಹುಡುಕಿ: ಕ್ರಿಯಾವರ್ಧಕವನ್ನು ಎಷ್ಟು ಸಲ ಮರುಬಳಸಿದ್ದಾರೆ, ಆ ಬಿಸಿ ಸೋಸುವಿಕೆಯ ಪರೀಕ್ಷೆ ಮಾಡಿದ್ದಾರೆಯೇ.