ಡೈ ಬದಲಾಯಿಸುವ ಹೊತ್ತಿನಲ್ಲೇ ನಮ್ಮ ಆರ್ಡರ್‌ಗಳು ಕೈಬಿಟ್ಟು ಹೋಗುತ್ತಿದ್ದವು

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಅಪ್ಪ ಕಟ್ಟಿದ 14 ಜನರ ಶೀಟ್ ಮೆಟಲ್ ವರ್ಕ್‌ಶಾಪ್ ಈಗ ನಿಮ್ಮ ಕೈಗೆ ಬಂದಿದೆ, ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಯವರು ನಿಮಗಿಂತ ಕಡಿಮೆ ರೇಟಿಗೆ ಮಾಲು ಕೊಡುತ್ತಾರೆ, ಎಲ್ಲರೂ ಬದಲಾಗಿ ಬದಲಾಗಿ ಅನ್ನುತ್ತಾರೆ. ಸಾಲ ಮಾಡಿ, ಹಳೇ ಕೆಲಸಗಾರರ ಮನಸ್ಸು ಕೆಡಿಸಿ ಬದಲಾದರೆ ಪೈಪೋಟಿಯಲ್ಲಿ ನಿಜವಾಗಿ ಉಪಯೋಗ ಇದೆಯಾ?

ಇದೆ. ಆದರೆ ಸಾಲದಿಂದ ಶುರು ಮಾಡಬೇಡಿ. ಆ ತಪ್ಪು ನಾನು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮದು ಚಿಕ್ಕಮಗಳೂರು. ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್), ಜರಡಿ, ಮೆಣಸು ಬಿಡಿಸುವ ಮೆಷಿನ್ ಮಾಡುತ್ತೇವೆ, ನನ್ನನ್ನೂ ಸೇರಿಸಿ 11 ಜನ. ಐದಾರು ವರ್ಷದ ಹಿಂದೆ ಆರ್ಡರ್ ಹೊತ್ತಿಗೆ ಸರಿಯಾಗಿ ಮುಗಿಯುತ್ತಿರಲಿಲ್ಲ. ತಗಡು ಕತ್ತರಿಸುವುದೇ ನಿಧಾನ ಅಂದುಕೊಂಡು, ಯಾರನ್ನೂ ಕೇಳದೆ, ಬ್ಯಾಂಕ್ ಸಾಲದಲ್ಲಿ ಪ್ಲಾಸ್ಮಾ ಕಟಿಂಗ್ ಮೆಷಿನ್ ತಂದೆ. ಲಾರಿ ಗೇಟಿಗೆ ಬಂದಾಗಲೇ ನಮ್ಮ ಹಿರಿಯ ಫಿಟ್ಟರಿಗೆ ವಿಷಯ ಗೊತ್ತಾಗಿದ್ದು. ಮೆಷಿನ್ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಕತ್ತರಿಸಿದ ತಗಡು ಹೋಗಿ, ತಗಡನ್ನು ಒತ್ತಿ ತೂತು, ಆಕಾರ ಕೊಡುವ ಪವರ್ ಪ್ರೆಸ್ಸಿನ ಮುಂದೆ ರಾಶಿ ಬೀಳತೊಡಗಿತು. ಮೊದಲು ಒಂದು ದಿನ ಕಾಯುತ್ತಿದ್ದ ತಗಡು ಈಗ ಮೂರು ದಿನ ಕಾಯುತ್ತಿತ್ತು, ಅಷ್ಟೇ ವ್ಯತ್ಯಾಸ. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಕಟ್ಟಬೇಕಿತ್ತು.

ಆಮೇಲೆ ಫಿಟ್ಟರ್ ಅಣ್ಣನೇ ಹೇಳಿದರು, "ಒಂದು ವಾರ ಪ್ರೆಸ್ಸಿನ ಪಕ್ಕ ಸುಮ್ನೆ ಕೂತು ನೋಡಿ" ಅಂತ. ಕೂತೆ, ಒಂದು ನೋಟ್‌ಬುಕ್ ಇಟ್ಟುಕೊಂಡು. ಡೈ ಅಂದರೆ ಪ್ರೆಸ್ಸಿಗೆ ಕೂರಿಸುವ ಅಚ್ಚು. ನಮಗೆ ಕಾಫಿ ಜರಡಿಗೆ ಒಂದು ಡೈ, ಮೆಣಸಿನ ಜರಡಿಗೆ ಇನ್ನೊಂದು, ಪಲ್ಪರ್ ಡ್ರಮ್ಮಿನ ತಗಡಿಗೆ ಮತ್ತೊಂದು. ಒಂದನ್ನು ಇಳಿಸಿ ಇನ್ನೊಂದನ್ನು ಕೂರಿಸಿ ಮೊದಲ ಸರಿಯಾದ ಪೀಸ್ ಬರುವಷ್ಟರಲ್ಲಿ 1 ಗಂಟೆ 40 ನಿಮಿಷ. ಅದರಲ್ಲಿ ನಿಜವಾದ ಕೆಲಸ ತುಂಬಾ ಕಡಿಮೆ. ಡೈ ಹಿಂದಿನ ಕೋಣೆಯಲ್ಲಿ, ಸ್ಪ್ಯಾನರ್ ಇನ್ಯಾರದೋ ಕೈಯಲ್ಲಿ, ಚೈನ್ ಬ್ಲಾಕ್ ಬೇರೆ ಕೆಲಸದಲ್ಲಿ. ಎತ್ತರ ಹೊಂದಿಸಲು ಪ್ಯಾಕಿಂಗ್ ತಗಡು ಇಡು, ತೆಗಿ, ಮತ್ತೆ ಇಡು. ಅಷ್ಟು ಹೊತ್ತೂ ಪ್ರೆಸ್ ನಿಂತೇ ಇರುತ್ತಿತ್ತು!

ಇದಕ್ಕೆ ಮದ್ದನ್ನು ಜಪಾನಿನ ಶಿಗಿಯೊ ಶಿಂಗೊ ಅನ್ನುವ ಎಂಜಿನಿಯರ್ ಯಾವಾಗಲೋ ಹೇಳಿಬಿಟ್ಟಿದ್ದಾರೆ. 1969ರಲ್ಲಿ ಟೊಯೋಟಾದ 1000 ಟನ್ನಿನ ಪ್ರೆಸ್ಸಿನಲ್ಲಿ ಡೈ ಬದಲಾಯಿಸಲು 4 ಗಂಟೆ ಹಿಡಿಯುತ್ತಿತ್ತು. ಅವರು ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಅದರ ಮೂಲ ವಿಚಾರ ಬಹಳ ಸರಳ. ಮೆಷಿನ್ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಮೆಷಿನ್ ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದ ಕೆಲಸ ಯಾವುದು, ಇದನ್ನು ಮೊದಲು ಬೇರೆ ಮಾಡಿ. ಎರಡನೆಯದನ್ನೆಲ್ಲ ಮುಂಚೆಯೇ ಮುಗಿಸಿಡಿ. ಆಮೇಲೆ ಮೊದಲನೆಯದನ್ನು ಎಷ್ಟು ಆಗುತ್ತದೋ ಅಷ್ಟು ಎರಡನೆಯದರ ಕಡೆಗೆ ತಳ್ಳಿ.

ನಾವು ಮಾಡಿದ್ದು ದೊಡ್ಡದೇನಲ್ಲ. ಎಲ್ಲಾ ಡೈಗಳ ಅಡಿಗೆ ಪ್ಲೇಟ್ ಕೂರಿಸಿ ಒಂದೇ ಎತ್ತರಕ್ಕೆ ತಂದೆವು, ಇದು ಫಿಟ್ಟರ್ ಅಣ್ಣನ ಐಡಿಯಾ. ಎಲ್ಲಾ ಬೋಲ್ಟ್‌ಗಳನ್ನೂ ಒಂದೇ ಸೈಜಿಗೆ ತಂದೆವು, ಹಾಗಾಗಿ ಒಂದೇ ಸ್ಪ್ಯಾನರ್ ಸಾಕು, ಅದು ಪ್ರೆಸ್ಸಿಗೇ ನೇತುಬಿದ್ದಿರುತ್ತದೆ. ಪ್ರೆಸ್ಸಿನ ಟೇಬಲ್ ಎತ್ತರಕ್ಕೇ ಒಂದು ಟ್ರಾಲಿ ಮಾಡಿದೆವು. ಮುಂದಿನ ಡೈ ಅದರ ಮೇಲೆ ಮೊದಲೇ ಬಂದು ಕಾಯುತ್ತದೆ. ಎಲ್ಲಾ ಸೇರಿ ಸುಮಾರು 18,000 ರೂಪಾಯಿ ಖರ್ಚು, ಮೂರು ತಿಂಗಳು ಕೆಲಸ. ಈಗ 22 ನಿಮಿಷ ಸಾಕು. ಒಂದು ಮಾತು ಮಾತ್ರ ಮರೆಯಬೇಡಿ, ಡೈಯನ್ನು ಬಿಗಿಯಾಗಿ ಹಿಡಿಯುವ ಕ್ಲಾಂಪ್‌ನಲ್ಲಿ ದುಡ್ಡು ಉಳಿಸಬೇಡಿ, ಮೇನ್ ಸ್ವಿಚ್ ಆರಿಸದೆ, ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಆಡುವ ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಕೊಡದೆ ಯಾರೂ ಕೈ ಹಾಕಬಾರದು. ಎಷ್ಟೇ ಅರ್ಜೆಂಟ್ ಇದ್ದರೂ.

ಇನ್ನು ಇದರಿಂದ ಪೈಪೋಟಿಯಲ್ಲಿ ಏನು ಸಿಕ್ಕಿತು ಅನ್ನುವುದು. ಹಿಂದೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ನಿಮ್ಮ ಕಡೆ ಸಕಲೇಶಪುರದ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಎಲ್ಲರ ಕಾಫಿಯೂ ಒಟ್ಟಿಗೆ ಸೇರಿ ಹೋಗುತ್ತಿತ್ತು. 1996ರ ಹೊತ್ತಿಗೆ ಎಲ್ಲಾ ಬೆಳೆಗಾರರೂ ತಮ್ಮ ಕಾಫಿ ತಾವೇ ಮಾರುವ ಹಾಗಾಯಿತು. ಅಲ್ಲಿಂದ ಒಬ್ಬೊಬ್ಬರ ಬೇಡಿಕೆ ಒಂದೊಂದು ಥರ. ಒಬ್ಬರು ಹಣ್ಣಿನ ಅಂಟು ಉಳಿಸಿಕೊಂಡೇ ಒಣಗಿಸುವ ಹನಿ ಕಾಫಿ ಮಾಡುತ್ತಾರೆ, ಅವರಿಗೆ ವಾಷರ್ ಬೇಡ. ಒಬ್ಬರಿಗೆ ನೀರು ಕಡಿಮೆ ಬಳಸುವ ಪಲ್ಪರ್ ಬೇಕು, ಯಾಕೆಂದರೆ ಪಲ್ಪಿಂಗ್ ನೀರನ್ನು ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ. ಮೂರು ಎಕರೆಯವರಿಗೆ ಜೀಪಿನಲ್ಲಿ ಸಾಗಿಸುವಂಥ ಚಿಕ್ಕ ಮೆಷಿನ್ ಬೇಕು. ಇವೆಲ್ಲ ಎರಡು ಮೂರು ಪೀಸಿನ ಆರ್ಡರ್‌ಗಳು. ಡೈ ಹಾಕಲು ಒಂದೂವರೆ ಗಂಟೆ ಆಗುತ್ತಿದ್ದಾಗ ಇಂಥವನ್ನು ನಾವೇ ಬೇಡ ಅನ್ನುತ್ತಿದ್ದೆವು. ಈಗ ಅವೇ ನಮ್ಮ ಮುಖ್ಯ ವ್ಯಾಪಾರ. ದೊಡ್ಡ ಫ್ಯಾಕ್ಟರಿಯವರು ಒಂದೇ ಮಾಡೆಲ್ಲಿನ ಐವತ್ತು ಪೀಸ್ ನಮಗಿಂತ ಅಗ್ಗಕ್ಕೆ ಮಾಡುತ್ತಾರೆ, ಅದರಲ್ಲಿ ಅವರನ್ನು ಸೋಲಿಸಲು ಹೋಗಬೇಡಿ. ಆದರೆ ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ಜೋರಾಗಿರುವಾಗ ಜರಡಿ ಹರಿದುಹೋಯಿತು ಅಂತ ಬೆಳಗ್ಗೆ ಫೋನ್ ಬಂದರೆ ಸಂಜೆಗೆ ಕೊಡುವವರು ನಾವು. ಕೊಯ್ದ ಹಣ್ಣನ್ನು ಪಲ್ಪ್ ಮಾಡದೆ ಇಟ್ಟರೆ ಹುಳಿ ಬಂದುಬಿಡುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ರೇಟಿನ ಚೌಕಾಸಿ ಯಾರೂ ಮಾಡುವುದಿಲ್ಲ.

ಹಳೇ ಕೆಲಸಗಾರರ ವಿಷಯದಲ್ಲಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ಮೊದಲು ಎಲ್ಲರೂ ಮುಖ ಸಪ್ಪೆ ಮಾಡಿಕೊಂಡೇ ಇದ್ದರು. ಹೊಸದು ಕಲಿಯಲು ಇಷ್ಟವಿಲ್ಲ ಅಂತ ನಾನು ತಿಳಿದಿದ್ದೆ. ಅದಲ್ಲ ಕಾರಣ. ಕೆಲಸ ಬೇಗ ಮುಗಿದರೆ ಓಟಿ ಹೋಗುತ್ತದೆ, ಓಟಿ ಹೋದರೆ ಮಕ್ಕಳ ಸ್ಕೂಲ್ ಫೀಸಿಗೆ ಕೊರತೆ ಬೀಳುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಒಬ್ಬೊಬ್ಬರ ಜೊತೆ ಟೀ ಕುಡಿಯುತ್ತಾ ಕೇಳಿದಾಗ ಗೊತ್ತಾಯಿತು. ಹಿಂದಿನ ವರ್ಷ ಒಬ್ಬೊಬ್ಬರಿಗೆ ತಿಂಗಳಿಗೆ ಸರಾಸರಿ ಎಷ್ಟು ಓಟಿ ಬಂದಿತ್ತೋ ಅದನ್ನು ಸಂಬಳಕ್ಕೇ ಸೇರಿಸಿದೆ. ಮೊದಲ ಆರು ತಿಂಗಳು ನನಗೆ ಕಷ್ಟವೇ ಆಯಿತು. ಆದರೆ ಆಮೇಲೆ ಐಡಿಯಾಗಳು ಅವರ ಕಡೆಯಿಂದಲೇ ಬರತೊಡಗಿದವು. ಟ್ರಾಲಿಗೆ ಬೇರಿಂಗ್ ರೋಲರ್ ಹಾಕಿಸಿದ್ದು ಕೆಲಸಕ್ಕೆ ಸೇರಿ ವರ್ಷವೂ ಆಗದ ಹೆಲ್ಪರ್ ಹುಡುಗ.

ಹಾಗಾಗಿ ಈ ವಾರ ಯಾವ ಮೆಷಿನ್ ಕೊಟೇಶನ್ನೂ ತರಿಸಬೇಡಿ. ನಿಮ್ಮ ಶಾಪಿನಲ್ಲಿ ಮಾಲು ಎಲ್ಲಿ ರಾಶಿ ಬೀಳುತ್ತಿದೆ ಅಂತ ನೋಡಿ, ಅದರ ಪಕ್ಕ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಯಾಕೆ ಕೂತಿದ್ದೀರಿ ಅನ್ನುವುದನ್ನು ಎಲ್ಲರಿಗೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ತಮ್ಮನ್ನು ಕಾಯಲು ಕೂತಿದ್ದಾರೆ ಅಂದುಕೊಳ್ಳುತ್ತಾರೆ. ಅಲ್ವಾ? ನಿಮ್ಮ ಪ್ರೆಸ್ ಎಷ್ಟು ಟನ್, ಒಟ್ಟು ಎಷ್ಟು ಡೈ ಇವೆ, ಬದಲಾಯಿಸಲು ಎಷ್ಟು ಹೊತ್ತು ಆಗುತ್ತಿದೆ ಅಂತ ಬರೆಯಿರಿ. ಪ್ಲೇಟಿನ ಎತ್ತರದ ಲೆಕ್ಕ ಹೇಗೆ ಹಾಕಿದೆವು ಅಂತ ವಿವರವಾಗಿ ಹೇಳುತ್ತೇನೆ.