ಗಂಡ ಹೊಡೆದ ಗಾಯಕ್ಕೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋದರೆ ಡಾಕ್ಟರು ಏನು ಮಾಡಬೇಕು?

ನಿಮ್ಮ ಅಕ್ಕ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಗಂಡ ಹೊಡೆದಾಗ ದೂರು ಕೊಡದೆ ಚಿಕಿತ್ಸೆ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗಲೇಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ, ದೂರಿನ ಕಾಗದ ಇಲ್ಲ ಅಂತ ಆಸ್ಪತ್ರೆಯವರು ವಾಪಸ್ ಕಳಿಸುವಂತಿಲ್ಲ. ತಪಾಸಣಾ ವರದಿಯ ಪ್ರತಿಯನ್ನೂ ಪುಕ್ಕಟೆ ಕೊಡಬೇಕು. ಕೇಳಿ ಇಸ್ಕೊಳ್ಳಿ, ಮುಂದೆ ಕೋರ್ಟಿನಲ್ಲಿ ಬೇಕಾಗುತ್ತದೆ.

ನಮ್ಮ ಕಡೆ ಸೊಸೆ ಒಬ್ಬಳೇ ಬರುವುದು ಕಡಿಮೆ, ಅತ್ತೆ ಜೊತೆಗಿರುತ್ತಾರೆ. ಮುಂಗೈ ಮೇಲೆ ಒಡೆದ ಬಳೆಯ ಗೀರು. ಕೇಳಿದರೆ, "ಬಚ್ಚಲದಾಗ ಜಾರಿ ಬಿದ್ದಾಳ್ರಿ." ಅತ್ತೆಯ ಎದುರಿಗೇ ವಿಚಾರಿಸಿದರೆ ಅಪಾಯ ಜಾಸ್ತಿ. ತಿಳಿದ ನರ್ಸ್ ತೂಕ ನೋಡುವ ನೆವದಲ್ಲಿ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, "ಮನ್ಯಾಗ ಯಾರರ ಕೈ ಮಾಡ್ತಾರೇನವಾ?" ಅಂತ ಮೆಲ್ಲಗೆ ಕೇಳುತ್ತಾರೆ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಬೇಕು. "ಹೊಂದ್ಕೊಂಡು ಹೋಗವಾ" ಅನ್ನುವುದು ಡಾಕ್ಟರ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲೂ ಇದೇ ಇದೆ: ಆಕೆಯನ್ನು ನಂಬಬೇಕು, ಒತ್ತಾಯ ಮಾಡಬಾರದು, ಮನೆಗೆ ವಾಪಸ್ ಹೋದರೆ ಜೀವಕ್ಕೆ ಅಪಾಯ ಇದೆಯಾ ಅಂತ ವಿಚಾರಿಸಬೇಕು.

ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ ಎಲ್ಲವನ್ನೂ ಬರೆಯಬೇಕು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಇಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಇದನ್ನು ಯಾರೂ ಹಗುರಾಗಿ ತಗೊಳ್ಳಬೇಡಿ.

ಗಂಭೀರ ಗಾಯವಾದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ದಾಖಲಾಗಿ ಠಾಣೆಗೆ ಮಾಹಿತಿ ಹೋಗುತ್ತದೆ. ಹಾಗೆ ಹೋಗುವುದಿದ್ದರೆ ಮೊದಲೇ ಅಕ್ಕನಿಗೆ ಹೇಳಬೇಕು. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಘಟನೆಯ ವಿವರ ಬರೆಯುವ ಫಾರಂ ಆಸ್ಪತ್ರೆಯಿಂದ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ಹೆಣ್ಣುಮಕ್ಕಳ ನೆರವಿಗೆ ಆ ಕಾಯ್ದೆಯಡಿ ನೇಮಕವಾದ ಅಧಿಕಾರಿಗೆ, ಹೋಗುತ್ತದೆ.

ಸಹಾಯವಾಣಿ 181, ತುರ್ತಿಗೆ 112. ಚೀಟಿಯಲ್ಲಿ ಬರೆದು ಕೊಡಬೇಡಿ, ಗಂಡನ ಕೈಗೆ ಸಿಕ್ಕೀತು. ಬಾಯಿಪಾಠ ಮಾಡಿಸಿ.