ಐದು ವರ್ಷಕ್ಕೂ ಅದೇ ಶುಲ್ಕ, ಹತ್ತು ವರ್ಷಕ್ಕೂ ಅದೇ ಶುಲ್ಕ

ಪ್ರಿಯ ಹಿರಿಯರೇ,

ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ನೀವೂ ನಿಮ್ಮ ಮಗನೂ ಒಂದೇ ಶುಲ್ಕ ಕಟ್ಟಿದಿರಿ. ಅವರಿಗೆ ಹತ್ತು ವರ್ಷ ಸಿಕ್ಕಿತು, ನಿಮಗೆ ಐದೇ. "ವಯಸ್ಸಾಗಿದ್ದಕ್ಕೆ ದಂಡವೇ?" ಎಂದು ಕೇಳಿದ್ದೀರಿ. ನಮ್ಮಂಥವರಿಗೆ ವೈದ್ಯರ ತಪಾಸಣೆಯೂ ಬೇಡ, ಶುಲ್ಕವೂ ಬೇಡ ಎಂದಿದ್ದೀರಿ. ಶುಲ್ಕದ ಮಾತನ್ನು ಪೂರ್ತಿ ಒಪ್ಪುತ್ತೇನೆ. ತಪಾಸಣೆಯ ಮಾತನ್ನು ಒಪ್ಪಲಾರೆ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ 30ರಿಂದ 50ರೊಳಗಿನವರಿಗೆ ಲೈಸೆನ್ಸ್ ಹತ್ತು ವರ್ಷ ನಡೆಯುತ್ತದೆ. 55 ದಾಟಿದವರಿಗೆ ಐದು ವರ್ಷ ಮಾತ್ರ. ವರ್ಷದ ಲೆಕ್ಕ ಹಾಕಿದರೆ ನೀವು ಕಟ್ಟುವುದು ಎರಡು ಪಟ್ಟು. 40 ದಾಟಿದವರೆಲ್ಲ ವೈದ್ಯರ ಸರ್ಟಿಫಿಕೇಟ್ ಕೊಡಬೇಕು, ನಿಜ. ಆದರೆ ಅವರು ಒಂದು ಸಲ ಮಾಡಿಸುವಷ್ಟರಲ್ಲಿ ನೀವು ಎರಡು ಸಲ ಮಾಡಿಸಿರುತ್ತೀರಿ. ಓಡಾಟವೂ ಅಷ್ಟೇ ಜಾಸ್ತಿ.

ತಪಾಸಣೆ ಮಾತ್ರ ಬೇಕೇ ಬೇಕು. ಕಣ್ಣಿನ ಪೊರೆ ನಿಧಾನವಾಗಿ ಬೆಳೆಯುತ್ತದೆ, ನಮಗೇ ಗೊತ್ತಾಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗಲೇ ಅನುಮಾನ ಬರುವುದು. ಆದರೆ ಈ ತಪಾಸಣೆ ರಸ್ತೆಯಲ್ಲಿ ಓಡಾಡುವ ಎಲ್ಲರ ಒಳ್ಳೆಯದಕ್ಕೆ, ಅಲ್ವಾ? ಅವಧಿ ಕಡಿಮೆ ಮಾಡಿ ಎಂದು ನೀವು ಕೇಳಿರಲಿಲ್ಲ. ಹಾಗಿದ್ದ ಮೇಲೆ ಅದರ ಖರ್ಚು ನಿಮ್ಮೊಬ್ಬರ ಜೇಬಿನಿಂದಲೇ ಏಕೆ ಹೋಗಬೇಕು?

ಬ್ರಿಟನ್‌ನಲ್ಲಿ 70 ತುಂಬಿದವರು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಜಪಾನ್ ಬಹಳ ಕಟ್ಟುನಿಟ್ಟು. 70 ದಾಟಿದವರು ವಿಶೇಷ ತರಗತಿಗೆ ಹೋಗಬೇಕು. 75 ದಾಟಿದರೆ ನೆನಪಿನ ಶಕ್ತಿಯ ಪರೀಕ್ಷೆಯೂ ಇದೆ. ದುಡ್ಡು ಮಾತ್ರ ಅವರೇ ಕೊಡಬೇಕು. ಜಪಾನಿನ ಎಚ್ಚರಿಕೆಯೂ ಬ್ರಿಟನ್ನಿನ ಶುಲ್ಕವಿನಾಯಿತಿಯೂ ಒಟ್ಟಿಗೆ ಇರಲಿ ಎಂಬುದು ನನ್ನ ಆಸೆ. ಅಷ್ಟು ಆಗದಿದ್ದರೆ, ಎಷ್ಟು ವರ್ಷಕ್ಕೆ ಲೈಸೆನ್ಸ್ ಕೊಡುತ್ತಾರೋ ಅಷ್ಟು ವರ್ಷದ ಲೆಕ್ಕದಲ್ಲಾದರೂ ಶುಲ್ಕ ತೆಗೆದುಕೊಳ್ಳಲಿ.

ವಯಸ್ಸಾದವರಿಂದ ಅಪಘಾತ ಜಾಸ್ತಿ, ಅವರೇ ಹೆಚ್ಚು ಕಟ್ಟಲಿ ಎನ್ನುವವರೂ ಇದ್ದಾರೆ. ಹೊಸದಾಗಿ ಗಾಡಿ ಕಲಿತ ಹುಡುಗರಿಂದ ಆಗುವ ಅಪಘಾತವೇನೂ ಕಡಿಮೆಯಲ್ಲ. ಅವರ ಲೈಸೆನ್ಸ್ ಶುಲ್ಕ ಏರಿಸಿ ಎಂದು ಯಾರೂ ಕೇಳುವುದಿಲ್ಲ. ಅಪಾಯದ ಲೆಕ್ಕ ನೋಡುವುದು ವಿಮೆಯ ಕೆಲಸ. ಲೈಸೆನ್ಸ್ ಶುಲ್ಕ ಇರುವುದು ಕಾರ್ಡು, ದಾಖಲೆಗಳ ಖರ್ಚಿಗೆ.

ಬೇಸರವಾಗಿ ಈ ಸಲ ನವೀಕರಣವನ್ನೇ ಬಿಟ್ಟುಬಿಡಲೇ ಎಂದೂ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಪಾಸಾಗಬೇಕು. ಅಷ್ಟರಲ್ಲಿ ಏನಾದರೂ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಹಾಕಿಬಿಡಿ.

- ಸಂಪಾದಕ